ಮಲೇರಿಯಾಕ್ಕೆ ಹೊಸ ಸಂಯೋಜಿತ ಮಾತ್ರೆ: ಆರನೇ ಡೋಸ್‌ವರೆಗೂ ತಲುಪಿಸುವುದು ಹೇಗೆ?

ಈ ಮಾತ್ರೆಯಲ್ಲಿ ಎರಡು ಔಷಧಿಗಳಿವೆ: ಆರ್ಟೆಮೆಥರ್ ಮತ್ತು ಲುಮೆಫ್ಯಾಂಟ್ರಿನ್. ಆರ್ಟೆಮೆಥರ್ ಒಂದೆರಡು ದಿನದಲ್ಲೇ ರೋಗಾಣುಗಳನ್ನು ಬಹುಪಾಲು ಕೊಲ್ಲುತ್ತದೆ, ಆದರೆ ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಹೋಗುತ್ತದೆ. ಉಳಿದವನ್ನು ಮುಗಿಸುವುದು ನಿಧಾನವಾಗಿ ಕೆಲಸ ಮಾಡುವ ಲುಮೆಫ್ಯಾಂಟ್ರಿನ್. ತೊಡಕು ಇರುವುದೂ ಇಲ್ಲೇ: ಜ್ವರ ಇಳಿಯುತ್ತಿದ್ದಂತೆ ರೋಗಿ ಮಾತ್ರೆ ನಿಲ್ಲಿಸಿಬಿಡುತ್ತಾರೆ, ಉಳಿದ ಮಾತ್ರೆ ಮನೆಯಲ್ಲಿ ಇನ್ನೊಬ್ಬರಿಗೆ ಹೋಗುತ್ತದೆ. ಆಸ್ಪತ್ರೆಗೆ ಹೊಸ ಔಷಧಿ ತರುವವರು ಮೊದಲು ಈ ಮಾತನ್ನು ಸಿಬ್ಬಂದಿಗೆ ಮನದಟ್ಟು ಮಾಡಿಸಬೇಕು.

20/120 ಮಿಗ್ರಾಂ (ಆರ್ಟೆಮೆಥರ್ 20, ಲುಮೆಫ್ಯಾಂಟ್ರಿನ್ 120) ಮಾತ್ರೆಯ ಲೆಕ್ಕ ತೂಕದ ಮೇಲೆ, ಪ್ರತಿ ಡೋಸಿಗೆ: 5ರಿಂದ 15 ಕೆಜಿಯೊಳಗೆ ಒಂದು, 25ರೊಳಗೆ ಎರಡು, 35ರೊಳಗೆ ಮೂರು, ಅದಕ್ಕೆ ಮೇಲೆ ನಾಲ್ಕು. ಮೂರು ದಿನ, ಆರು ಡೋಸ್. ವಯಸ್ಸು ನೋಡಿ ಅಂದಾಜು ಮಾಡಬೇಡಿ. ತೂಕದ ಯಂತ್ರ ಮೇಜಿನ ಪಕ್ಕದಲ್ಲೇ ಇರಲಿ.

ಮೊದಲ ಡೋಸನ್ನು ಕಣ್ಣೆದುರೇ ನುಂಗಿಸಿ, ಜೊತೆಗೆ ಹಾಲು ಅಥವಾ ಕೊಬ್ಬಿರುವ ಆಹಾರ ಕೊಡಿ. ಬರಿ ಹೊಟ್ಟೆಯಲ್ಲಿ ಲುಮೆಫ್ಯಾಂಟ್ರಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪೂರ್ತಿ ಡೋಸ್ ಮತ್ತೆ. ಎರಡನೆಯದು ಎಂಟು ಗಂಟೆ ಬಿಟ್ಟು: ಬೆಳಗ್ಗೆ 9ಕ್ಕೆ ಕೊಟ್ಟರೆ ಸಂಜೆ 5ಕ್ಕೆ. ಆಮೇಲೆ ಎರಡು ದಿನ ಬೆಳಗ್ಗೆ, ಸಂಜೆ. ಈ ಹೊತ್ತುಗಳನ್ನು ಮಾತ್ರೆಯ ಸ್ಟ್ರಿಪ್‌ನ ಹಿಂಬದಿ ಪೆನ್ನಿನಲ್ಲಿ ಬರೆದುಕೊಡಿ. ಬಾಯಿಮಾತು ಮನೆ ತಲುಪುವಷ್ಟರಲ್ಲಿ ಮರೆತುಹೋಗುತ್ತದೆ. ತೀವ್ರ ಮಲೇರಿಯಾದ ಲಕ್ಷಣವಿದ್ದರೆ (ಪ್ರಜ್ಞೆ ತಪ್ಪುವುದು, ಫಿಟ್ಸ್, ಮಾತ್ರೆ ನುಂಗಲಾಗದ ಸ್ಥಿತಿ) ಮಾತ್ರೆ ಸಾಲದು, ಆರ್ಟೆಸುನೇಟ್ ಇಂಜೆಕ್ಷನ್ ಬೇಕು.

ದಾಸ್ತಾನಿನ ತಲೆನೋವು ಬೇರೆಯೇ. ಬೇಡಿಕೆಯನ್ನು ಜ್ವರದ ರೋಗಿಗಳ ಸಂಖ್ಯೆಯಿಂದ ಅಲ್ಲ, ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಿಂದ, ಅದೂ ತೂಕದ ಗುಂಪುವಾರು ತೆಗೆಯಿರಿ. ಹೆಚ್ಚಾಗಿ ತರಿಸಿದರೆ ಅವಧಿ ಮೀರಿ ಹಾಳಾಗುತ್ತದೆ. ಮಕ್ಕಳ ಪ್ಯಾಕ್ ಮುಗಿದಾಗ ದೊಡ್ಡವರ 24 ಮಾತ್ರೆಯ ಪ್ಯಾಕನ್ನು ಕತ್ತರಿಸಿ ನಾಲ್ಕು ಪುಟ್ಟ ಮಕ್ಕಳಿಗೆ ಆರಾರು ಮಾತ್ರೆ ಕೊಡಬಹುದು, ಆದರೆ ರಿಜಿಸ್ಟರಿನಲ್ಲಿ ಅದನ್ನು ಬೇರೆಯಾಗಿ ಬರೆಯಲೇಬೇಕು. ಬರೆಯದಿದ್ದರೆ ದೊಡ್ಡವರ ಪ್ಯಾಕ್ ಹೆಚ್ಚು ಖರ್ಚಾದಂತೆ ಕಂಡು ಮುಂದಿನ ಬಾರಿ ಅದೇ ಬರುತ್ತದೆ, ಮಕ್ಕಳಿಗೆ ಮತ್ತೆ ಕೊರತೆ. ಹಳೆಯ ಔಷಧಿಯ ದಾಸ್ತಾನನ್ನೂ ಕಪಾಟಿನಿಂದ ತೆಗೆದುಬಿಡಿ. ಕೈಗೆ ಸಿಕ್ಕರೆ ಕೊಡುವುದು ನಿಲ್ಲುವುದಿಲ್ಲ.

ಮೂರನೇ ದಿನವೂ ಜ್ವರವಿದ್ದರೆ ರಕ್ತಲೇಪನವನ್ನು (ಗಾಜಿನ ಮೇಲೆ ಸವರಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ರೋಗಾಣುವಿನ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಪತ್ತೆಹಚ್ಚುವ ಕ್ಷಿಪ್ರ ಪರೀಕ್ಷೆ ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತದೆ, ಅದನ್ನು ನಂಬಿ ಔಷಧಿ ಸೋತಿತೆಂದು ಬರೆಯಬೇಡಿ. 28 ದಿನದೊಳಗೆ ರೋಗಾಣು ಮರಳಿದ್ದು ರಕ್ತಲೇಪನದಲ್ಲಿ ಖಚಿತವಾದರೆ ಬೇರೆ ಸಂಯೋಜನೆ ಕೊಟ್ಟು, ವಿವರವನ್ನು ಮೇಲಿನ ಅಧಿಕಾರಿಗಳಿಗೆ ಕಳಿಸಿ.