ಗ್ಯಾರಮಂಡ್ ಅಕ್ಷರದಲ್ಲಿ ಪುಸ್ತಕ ಜೋಡಿಸುವುದು ಹೇಗೆ?

ನಮ್ಮ ದೊಡ್ಡಪ್ಪ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದರು. ಮೊಮ್ಮಕ್ಕಳೆಲ್ಲ ಹೊರದೇಶದಲ್ಲಿದ್ದಾರೆ, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ, ಅದಕ್ಕೆ. ಆ ಪುಸ್ತಕಕ್ಕೆ ನಾನು ಗ್ಯಾರಮಂಡ್ ಫಾಂಟ್ ಆರಿಸಿ, ಬೇರೆ ಫಾಂಟ್‌ಗಳಿಗೆ ಇಡುವಂತೆ 10 ಪಾಯಿಂಟ್ ಇಟ್ಟೆ. ಮೊದಲ ಪ್ರಿಂಟ್ ನೋಡಿ ದೊಡ್ಡಪ್ಪ, "ಇಷ್ಟು ಸಣ್ಣಕ್ಕೆ ಯಾಕೆ ಹಾಕಿಸಿದೆ ಮಗು?" ಎಂದರು. ಅಕ್ಷರದ ಮೈಕಟ್ಟು ನೋಡದೆ ಸೈಜ್ ಇಟ್ಟಿದ್ದೆ. ನಿಮಗೆ ಹಾಗಾಗಬಾರದು.

ಆದ್ದರಿಂದ ಮೊದಲ ಕೆಲಸ, ನೋಡುವುದು. ಇಂಗ್ಲಿಷಿನ ಸಣ್ಣಕ್ಷರ ಎಕ್ಸ್, ಇ ಮತ್ತು ಎಚ್, ಈ ಮೂರನ್ನು 150 ಪಾಯಿಂಟ್‌ನಲ್ಲಿ ಪ್ರಿಂಟ್ ತೆಗೆಯಿರಿ. ಎಚ್ ಅಕ್ಷರದ ಕಂಬ ಎತ್ತರಕ್ಕೆ ಹೋಗಿದೆ, ಎಕ್ಸ್ ಮಾತ್ರ ಗಿಡ್ಡ. ಇ ಅಕ್ಷರದೊಳಗಿನ ಕಣ್ಣಂತೂ ತುಂಬ ಚಿಕ್ಕದು. ದುಂಡು ಅಕ್ಷರಗಳ ದಪ್ಪ ಭಾಗ ನೆಟ್ಟಗಿಲ್ಲ, ಒಂದು ಕಡೆ ವಾಲಿದೆ, ಅಗಲ ಮೂತಿಯ ಪೆನ್ನನ್ನು ಓರೆಯಾಗಿ ಹಿಡಿದು ಬರೆದರೆ ಹೇಗೋ ಹಾಗೆ. ಕಂಬದ ಬುಡದಲ್ಲಿರುವ ಪಾದಕ್ಕೇ ಸೆರಿಫ್ ಎನ್ನುವುದು. ಅದು ಇಲ್ಲಿ ಕಂಬಕ್ಕೆ ಮೆಲ್ಲಗೆ ಬಾಗಿ ಕೂಡಿಕೊಳ್ಳುತ್ತದೆ. ಮುಂದೆ ನಾವು ಮಾಡುವುದೆಲ್ಲ ಆ ಗಿಡ್ಡ ಎಕ್ಸ್ ಮೇಲೆಯೇ ನಿಂತಿದೆ.

ಇನ್ನು ಯಾವ ಗ್ಯಾರಮಂಡ್? ಆ ಹೆಸರಿನಲ್ಲಿ ಹಲವು ಫಾಂಟ್‌ಗಳಿವೆ. ಕ್ಲೋಡ್ ಗ್ಯಾರಮಂಡ್ ಪ್ಯಾರಿಸ್‌ನಲ್ಲಿ ಅಚ್ಚಿನ ಮೊಳೆಗಳಿಗೆ ಉಕ್ಕಿನ ಪಂಚ್, ಅಂದರೆ ತುದಿಯಲ್ಲಿ ಅಕ್ಷರವಿರುವ ಕಡ್ಡಿ, ಕೊರೆಯುತ್ತಿದ್ದವನು, 1561ರಲ್ಲಿ ತೀರಿಕೊಂಡ. ವೆನಿಸ್‌ನಲ್ಲಿ ಮುದ್ರಕ ಆಲ್ಡಸ್ ಮನುಟಿಯಸ್‌ಗಾಗಿ ಫ್ರಾನ್ಚೆಸ್ಕೊ ಗ್ರಿಫೊ ಕೊರೆದಿದ್ದ ಅಕ್ಷರಗಳು ಅವನಿಗೆ ಮಾದರಿ. ಅವನು ಸತ್ತ ಮೇಲೆ ಪಂಚ್‌ಗಳು ಮಾರಾಟವಾದವು, ಕೆಲವು ಆಂಟ್ವರ್ಪ್‌ನ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ. ಆದರೆ ಪ್ಯಾರಿಸ್‌ನ ಸರ್ಕಾರಿ ಮುದ್ರಣಾಲಯದಲ್ಲಿದ್ದ ಇನ್ನೊಂದು ಅಕ್ಷರವನ್ನು ಜನ ಅವನದೇ ಎಂದು ನಂಬಿದ್ದರು, ಅದನ್ನು ನೋಡಿ 20ನೇ ಶತಮಾನದಲ್ಲಿ ಹೊಸ ಗ್ಯಾರಮಂಡ್‌ಗಳನ್ನೂ ಮಾಡಿದರು. ಅದು ಅವನಿಗಿಂತ ಎಷ್ಟೋ ವರ್ಷ ಈಚೆಗೆ ಜಾನ್ ಜಾನ್ನೊ ಎಂಬವನು ಕೊರೆದದ್ದು ಎಂದು 1926ರಲ್ಲಿ ಒಂದು ಲೇಖನ ಬರೆದು ತೋರಿಸಿಕೊಟ್ಟವಳು ಬಿಯಾಟ್ರಿಸ್ ವಾರ್ಡ್. ಆ ಲೇಖನವನ್ನು ಅವಳು ಪಾಲ್ ಬೋಜಾನ್ ಎಂಬ ಗಂಡಸಿನ ಹೆಸರಿನಲ್ಲಿ ಪ್ರಕಟಿಸಿದ್ದಳು. ನನಗೆ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟುವುದು ಅದೇ.

ವರ್ಡ್ ಜೊತೆ ಬರುವ ಗ್ಯಾರಮಂಡ್ ಜಾನ್ನೊ ಸಾಲಿನದು. ನಾನು ಹೇಳುವುದು ಇಬಿ ಗ್ಯಾರಮಂಡ್. ಇಬಿ ಅಂದರೆ ಎಗೆನಾಲ್ಫ್-ಬರ್ನರ್, ಫ್ರಾಂಕ್‌ಫರ್ಟ್‌ನ ಅಚ್ಚುಮೊಳೆ ತಯಾರಕರು. 1592ರಲ್ಲಿ ಅವರು ಹೊರತಂದ ಮಾದರಿ ಹಾಳೆಯನ್ನು ಮುಂದಿಟ್ಟುಕೊಂಡು ಜಾರ್ಜ್ ಡಫ್ನರ್ ಇದನ್ನು ಶುರು ಮಾಡಿದರು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಇಳಿಸಿಕೊಳ್ಳುವಾಗ ಇಟಾಲಿಕ್ ಫೈಲನ್ನೂ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಕಂಪ್ಯೂಟರ್ ನೆಟ್ಟಗಿನ ಅಕ್ಷರವನ್ನೇ ಸುಮ್ನೆ ವಾಲಿಸಿ ಕೊಡುತ್ತದೆ. ನಿಜವಾದ ಇಟಾಲಿಕ್‌ನಲ್ಲಿ ಸಣ್ಣಕ್ಷರ ಎ ಆಕಾರವೇ ಬೇರೆ.

ಈಗ ಸೈಜ್. ಪುಸ್ತಕಕ್ಕೆ 12 ಪಾಯಿಂಟ್ ಇಡಿ, ವಯಸ್ಸಾದವರು ಓದುವುದಾದರೆ 13. ಸಾಲಿನಿಂದ ಸಾಲಿಗೆ 15 ಅಥವಾ 16 ಪಾಯಿಂಟ್. ಒಂದು ಸಾಲಿನಲ್ಲಿ ಜಾಗವೂ ಸೇರಿ 60ರಿಂದ 70 ಅಕ್ಷರ ಬರುವ ಹಾಗೆ ಅಂಚು ಬಿಡಿ, ಜಾಸ್ತಿಯಾದರೆ ಕಣ್ಣು ಮುಂದಿನ ಸಾಲನ್ನು ಹುಡುಕಬೇಕಾಗುತ್ತದೆ. 2014ರಲ್ಲಿ ಅಮೆರಿಕದ ಒಬ್ಬ ಶಾಲಾ ಹುಡುಗ, ಗ್ಯಾರಮಂಡ್ ಬಳಸಿದರೆ ಸರ್ಕಾರಕ್ಕೆ ಇಂಕಿನಲ್ಲಿ ಕೋಟಿಗಟ್ಟಲೆ ಡಾಲರ್ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದು ದೊಡ್ಡ ಸುದ್ದಿಯಾಯಿತು. ಅಕ್ಷರ ಬಲ್ಲವರು ಹೇಳಿದ್ದು ಇಷ್ಟೇ: ಒಂದೇ ಪಾಯಿಂಟ್‌ನಲ್ಲಿ ಈ ಅಕ್ಷರವೇ ಸಣ್ಣದು, ಅದಕ್ಕೇ ಇಂಕು ಕಡಿಮೆ, ಓದುವಷ್ಟು ದೊಡ್ಡದು ಮಾಡಿದರೆ ಉಳಿತಾಯವೂ ಹೋಗುತ್ತದೆ. ಅದೇ ಗಿಡ್ಡ ಎಕ್ಸ್, ಅಲ್ವಾ?

ಇದಾದ ಮೇಲೆ ಸಣ್ಣ ಸಣ್ಣ ಕೆಲಸಗಳು, ಆದರೆ ಪುಟಕ್ಕೆ ಕಳೆ ಬರುವುದು ಇವುಗಳಿಂದಲೇ. ಎಫ್ ಅಕ್ಷರದ ಬಾಗಿದ ತಲೆ ಪಕ್ಕದ ಐ ಚುಕ್ಕಿಗೆ ತಾಗುತ್ತದೆ, ಆದ್ದರಿಂದ ಎರಡನ್ನೂ ಒಂದೇ ಮಾಡಿದ ಜೋಡಿ ಅಕ್ಷರ ಫಾಂಟ್ ಒಳಗೇ ಇದೆ. ವರ್ಡ್‌ನಲ್ಲಿ ಫಾಂಟ್ ಕಿಟಕಿಯ ಅಡ್ವಾನ್ಸ್ಡ್ ಭಾಗಕ್ಕೆ ಹೋಗಿ ಲಿಗೇಚರ್ಸ್ ಆನ್ ಮಾಡಿ. ಅಲ್ಲೇ ನಂಬರ್ ಫಾರ್ಮ್ಸ್ ಎಂಬಲ್ಲಿ ಓಲ್ಡ್ ಸ್ಟೈಲ್ ಆರಿಸಿ. ಆಗ ಇಸವಿಗಳು ಮೇಲೆ ಕೆಳಗೆ ಇಳಿದು ಹತ್ತಿ, ಸಣ್ಣಕ್ಷರಗಳ ನಡುವೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಲಿಬ್ರೆ ಆಫೀಸ್‌ನಲ್ಲಾದರೆ ಫಾಂಟ್ ಪಕ್ಕದ ಫೀಚರ್ಸ್ ಬಟನ್ ಒತ್ತಿದರೆ ಇವು ಸಿಗುತ್ತವೆ.

ದೊಡ್ಡಪ್ಪನ ಪುಸ್ತಕದಲ್ಲಿ ನಡುನಡುವೆ ಕನ್ನಡ ಪದಗಳಿದ್ದವು. ಇಬಿ ಗ್ಯಾರಮಂಡ್‌ನಲ್ಲಿ ಕನ್ನಡ ಇಲ್ಲ, ಸುಮ್ಮನೆ ಬಿಟ್ಟರೆ ಕಂಪ್ಯೂಟರ್ ತನಗೆ ತೋಚಿದ ಫಾಂಟ್ ತುಂಬುತ್ತದೆ. ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡವನ್ನು ನೀವೇ ಆರಿಸಿ, ಪಕ್ಕದ ಇಂಗ್ಲಿಷಿಗಿಂತ ದೊಡ್ಡದಾಗಿ ಕಂಡರೆ ಅರ್ಧರ್ಧ ಪಾಯಿಂಟ್ ಇಳಿಸುತ್ತಾ ಬನ್ನಿ. ಸಾಲಿನ ಅಂತರವನ್ನು ಮಾತ್ರ ಫಿಕ್ಸೆಡ್ (ವರ್ಡ್‌ನಲ್ಲಿ ಎಕ್ಸಾಕ್ಟ್ಲಿ) ಮಾಡಿ 16 ಪಾಯಿಂಟ್‌ಗೆ ಇಡಿ, ಇಲ್ಲವಾದರೆ ಕನ್ನಡ ಪದ ಇರುವ ಸಾಲು ಮಾತ್ರ ಅಗಲವಾಗಿ ಬಾಯಿ ಬಿಡುತ್ತದೆ. ಒತ್ತಕ್ಷರ ಎಲ್ಲೂ ಕತ್ತರಿಸಿ ಹೋಗಿಲ್ಲವಲ್ಲ ಎಂದು ಕಣ್ಣಾಡಿಸಿ.

ನಿಧಾನವಾಗಿ ಓದುವ ಕಥೆ, ಕವನ, ಆಮಂತ್ರಣ, ಇವಕ್ಕೆಲ್ಲ ಈ ಅಕ್ಷರ ಒಪ್ಪುತ್ತದೆ. ಮೊಬೈಲ್‌ನ ಸಣ್ಣ ಬರಹಕ್ಕೆ, ದೂರದಿಂದ ಓದುವ ಬೋರ್ಡಿಗೆ, ಅಂಕಿ ತುಂಬಿದ ಪಟ್ಟಿಗೆ ನಾನಂತೂ ಹಾಕುವುದಿಲ್ಲ.

ಎಲ್ಲ ಮುಗಿದ ಮೇಲೆ ಒಂದೇ ಪುಟವನ್ನು 12, 12.5 ಮತ್ತು 13 ಪಾಯಿಂಟ್‌ನಲ್ಲಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಪ್ರಿಂಟ್ ತೆಗೆದು, ಓದುವವರ ಕೈಗೆ ಕೊಡಿ. ದೊಡ್ಡಪ್ಪ ಮೂರನ್ನೂ ಕಿಟಕಿ ಹತ್ತಿರ ಹಿಡಿದು ನೋಡಿ, ಮಾತಾಡದೆ 13ರ ಹಾಳೆಯನ್ನು ಇಟ್ಟುಕೊಂಡು ಉಳಿದೆರಡನ್ನು ವಾಪಸ್ ಕೊಟ್ಟರು.