ಒಂದೇ ಕ್ಯಾಬಿನೆಟ್‌ನಲ್ಲಿ ಎರಡು ಕಂಪ್ಯೂಟರ್: ಮೊದಲು ವಿದ್ಯುತ್ತಿನ ಯೋಚನೆ

ಒಂದೇ ಕ್ಯಾಬಿನೆಟ್‌ನೊಳಗೆ ಎರಡು ಕಂಪ್ಯೂಟರ್ ಕೂರಿಸಲು ಹೊರಟವರು ಸಾಮಾನ್ಯವಾಗಿ ಜಾಗವನ್ನೇ ಅಳೆಯುತ್ತಾರೆ. ಜಾಗ ಅಷ್ಟು ಕಷ್ಟವಲ್ಲ: ಒಂದು ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್ (305 × 244 ಮಿ.ಮೀ.), ಜೊತೆಗೊಂದು ಚಿಕ್ಕ ಅಳತೆಯ ಮಿನಿ ಐಟಿಎಕ್ಸ್ ಬೋರ್ಡ್ (170 × 170 ಮಿ.ಮೀ.) ಆರಿಸಿಕೊಂಡರೆ ದೊಡ್ಡ ಟವರ್‌ನಲ್ಲಿ ಹೊಂದಿಸಬಹುದು. ಎರಡಕ್ಕೂ ಮೊದಲೇ ಜಾಗವಿರುವ ಕ್ಯಾಬಿನೆಟ್‌ಗಳೂ ಸಿಗುತ್ತವೆ.

ನಿಜವಾದ ತಲೆನೋವು ಪವರ್ ಸಪ್ಲೈ. ದಯವಿಟ್ಟು ಒಂದೇ ಸಪ್ಲೈಯನ್ನು ಕವಲು ತಂತಿಯಿಂದ ಎರಡು ಬೋರ್ಡ್‌ಗಳಿಗೆ ಹಂಚಬೇಡಿ. ಯಾವುದೇ ಒಂದು ಬೋರ್ಡ್ 24 ಪಿನ್ ಕನೆಕ್ಟರ್‌ನ ಚಾಲನಾ ಸಂಕೇತದ ತಂತಿಯನ್ನು ಗ್ರೌಂಡ್‌ಗೆ ಸೇರಿಸಿದೊಡನೆ ಸಪ್ಲೈ ಪೂರ್ತಿ ಚಾಲೂ ಆಗುತ್ತದೆ; ನೀವು ಆಫ್ ಮಾಡಿಟ್ಟ ಇನ್ನೊಂದು ಬೋರ್ಡ್‌ಗೂ 12 ವೋಲ್ಟ್ ಹರಿಯುತ್ತದೆ. ಎರಡು ಬೋರ್ಡ್‌ಗಳಿಗೆಂದೇ ತಯಾರಾದ ಸಪ್ಲೈ ಇಲ್ಲದಿದ್ದರೆ ಚಿಕ್ಕದಕ್ಕೆ ಪ್ರತ್ಯೇಕ ಎಸ್‌ಎಫ್‌ಎಕ್ಸ್ (ಚಿಕ್ಕ ಅಳತೆಯ) ಸಪ್ಲೈ ಹಾಕಿ. ಒಳಗೆ ಕೈ ಹಾಕುವ ಮುನ್ನ ಎರಡೂ ಪ್ಲಗ್‌ಗಳನ್ನು ಕೀಳಲೇಬೇಕು.

ಫ್ಯಾನ್‌ಗಳನ್ನೆಲ್ಲ ಒಂದೇ ಬೋರ್ಡ್‌ಗೆ ಜೋಡಿಸಿದರೆ ಅದು ಆರಿದಾಗ ಇನ್ನೊಂದು ಉಸಿರುಗಟ್ಟುತ್ತದೆ. ಗಾಳಿ ಒಳತರುವ ಒಂದು, ಹೊರಹಾಕುವ ಒಂದು ಫ್ಯಾನ್ ಪ್ರತಿ ಬೋರ್ಡ್‌ಗೂ ಇರಲಿ. ಎರಡನೆಯ ಬೋರ್ಡ್ ಕೆಳಗೆ ಲೋಹದ ತಟ್ಟೆ ತಾಗದಂತೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಚಿಕ್ಕ ಕಂಬಗಳು) ಬೇಕೇ ಬೇಕು. ಅದರ ಪವರ್ ಬಟನ್‌ಗೆ ಕ್ಯಾಬಿನೆಟ್‌ನ ರಿಸೆಟ್ ಬಟನ್ ಸಾಕು, ಎರಡೂ ಒತ್ತುಗುಂಡಿಗಳೇ.