ಗಲ್ಫ್ ವಿಸಾ ಬಂತೇ? ದುಡ್ಡು ಕೊಡುವ ಮೊದಲು ಹೀಗೆ ಓದಿ

ಮೊನ್ನೆ ತಂಗಿಯ ಮಗ ಫೋನ್ ಹಿಡಿದುಕೊಂಡು ಓಡಿ ಬಂದ. "ಮಾವ, ವಿಸಾ ಬಂತು!" ಏಜೆಂಟ್ ಹೇಳಿದ್ದು ಸೂಪರ್ ಮಾರ್ಕೆಟಿನಲ್ಲಿ ಲೆಕ್ಕ ಬರೆಯುವ ಕೆಲಸ. ವಿಸಾ ಅರಬಿಯಲ್ಲಿತ್ತು, ಪಕ್ಕದ ಮದ್ರಸದ ಉಸ್ತಾದರಿಗೆ ತೋರಿಸಿದೆವು. ಕೆಲಸದ ಹೆಸರಿನ ಜಾಗದಲ್ಲಿ ಬೆರಳಿಟ್ಟು ಅವರು ಓದಿದರು: "ಆಮಿಲ್." ಅಂದರೆ ಕೂಲಿಯಾಳು.

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳದ ಕಡೆ ಗಲ್ಫಿಗೆ ಯಾಕೆ ಹೋಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಅಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸಕ್ಕೆ ಜನ ಬೇಕಾಯಿತು. ಇಲ್ಲಿ ಅಡಕೆ ತೋಟ ಪಾಲಾಗಿ ಪಾಲಾಗಿ ಮನೆ ಖರ್ಚಿಗೆ ಸಾಲದಾಯಿತು. ಅಣ್ಣ ತಮ್ಮನಿಗೆ ವಿಸಾ ಕಳಿಸಿದ, ತಮ್ಮ ಭಾವನಿಗೆ ಕಳಿಸಿದ.

ಆದರೆ ಎಲ್ಲ ದೇಶದ ಬಾಗಿಲೂ ಒಂದೇ ರೀತಿ ತೆರೆಯುವುದಿಲ್ಲ. ಕೆನಡಾ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಹಾಕಿ ಕಾಯಂ ನೆಲೆಸಲು ಕರೆಯುತ್ತದೆ. ಗಲ್ಫಿನಲ್ಲಿ ನಮ್ಮವರು ಹೆಚ್ಚಾಗಿ ಹೋಗುವುದು ಕೆಲಸದ ವಿಸಾದಲ್ಲಿ. ಆ ವಿಸಾದ ಗಂಟು ಇರುವುದು ಕಫೀಲನ ಕೈಯಲ್ಲಿ, ಅಂದರೆ ಕರೆಸಿಕೊಂಡ ಧಣಿಯ ಕೈಯಲ್ಲಿ. ಕೆಲಸ ಹೋದರೆ ಅಲ್ಲಿ ಇರುವ ಹಕ್ಕೂ ಅಲುಗಾಡುತ್ತದೆ. ಕತಾರ್ 2020ರಲ್ಲಿ, ಸೌದಿ 2021ರಲ್ಲಿ ಧಣಿ ಬದಲಿಸುವ ನಿಯಮ ಸಡಿಲಿಸಿದವು, ನಿಜ. ಗಂಟು ಪೂರ್ತಿ ಬಿಚ್ಚಲಿಲ್ಲ. ಹಾಗಾಗಿ 'ಫ್ರೀ ವಿಸಾ' ಎಂದು ಮಾರುವುದನ್ನು ನಂಬಬೇಡಿ. ಅದಕ್ಕೆ ಲಕ್ಷಗಟ್ಟಲೆ ಕೊಟ್ಟವರಿದ್ದಾರೆ, ಅದರಲ್ಲಿ ಫ್ರೀ ಎಂಥದ್ದು? ಕಾಗದದಲ್ಲಿ ಒಬ್ಬ ಕಫೀಲ, ದುಡಿಯುವುದು ಇನ್ನೆಲ್ಲೋ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ, ಗಡೀಪಾರು ನಿಮಗೆ.

ಮೊದಲು ಪಾಸ್‌ಪೋರ್ಟ್ ತೆರೆಯಿರಿ. ನಮ್ಮಲ್ಲಿ ಹೆಸರು ಒಂದು, ಮನೆತನಕ್ಕೆ ಒಂದು ಇನಿಶಿಯಲ್. ಒಂದೇ ಹೆಸರಿರುವ ಪಾಸ್‌ಪೋರ್ಟಿನ ಬಗ್ಗೆ ಯುಎಇ 2022ರ ನವೆಂಬರಿನಲ್ಲಿ ನಿಯಮ ಬಿಗಿ ಮಾಡಿತು. ಇನಿಶಿಯಲ್ ಬಿಡಿಸಿ ಬರೆಸುವುದು ಒಳ್ಳೆಯದು. ಆಮೇಲೆ ಇಸಿಆರ್, ಅಂದರೆ ಹೊರಡುವ ಮೊದಲು ಎಮಿಗ್ರೇಶನ್ ತಪಾಸಣೆ ಬೇಕು ಎಂಬ ಗುರುತು, ಇದೆಯೇ ನೋಡಿ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇದು ಬೀಳುತ್ತದೆ. ಇದ್ದರೆ, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೊರಡಲು 1983ರ ಎಮಿಗ್ರೇಶನ್ ಕಾಯ್ದೆಯಂತೆ ಅನುಮತಿ ಬೇಕು. "ವಿಸಿಟ್ ವಿಸಾದಲ್ಲಿ ಹೋಗು, ಅಲ್ಲಿ ಸರಿ ಮಾಡುವ" ಎನ್ನುವವರು ಈ ತಪಾಸಣೆಯನ್ನೇ ತಪ್ಪಿಸುತ್ತಿದ್ದಾರೆ. ಅನುಮತಿಯ ಜೊತೆಗೆ ಬರುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಆಗ ಕೈತಪ್ಪುತ್ತದೆ.

ಮುಂದೆ ಏಜೆಂಟ್. ಲೈಸೆನ್ಸ್ ನಂಬರ್ ಕೇಳಿ, ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಬಿಡಬೇಡಿ.

ಸರ್ಟಿಫಿಕೇಟ್ ಅಟೆಸ್ಟೇಷನ್ನಿನಲ್ಲಿ ನಮ್ಮ ಗಡಿಯವರಿಗೆ ಒಂದು ಹೆಚ್ಚಿನ ತಲೆಬಿಸಿ ಇದೆ. ಎಸ್ಸೆಸ್ಸೆಲ್ಸಿ ಬುಕ್ಕು ಕೇರಳದ್ದು, ತಲಪಾಡಿ ದಾಟಿ ಮಂಗಳೂರಿನಲ್ಲಿ ಮಾಡಿದ ಡಿಗ್ರಿ ಕರ್ನಾಟಕದ್ದು. ಸರ್ಟಿಫಿಕೇಟ್ ಯಾವ ರಾಜ್ಯದ್ದೋ ಅದೇ ರಾಜ್ಯದ ದೃಢೀಕರಣ ಬೇಕು. ನಂತರ ವಿದೇಶಾಂಗ ಸಚಿವಾಲಯ, ಯುಎಇಗಾದರೆ ಅವರ ರಾಯಭಾರ ಕಚೇರಿ. ಎರಡು ರಾಜ್ಯದ ಕಾಗದದಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

ಒಪ್ಪಂದದಲ್ಲಿ ಮೂಲ ಸಂಬಳ, ಊಟ-ವಸತಿ, ವಾಪಸು ಟಿಕೆಟ್ ಬರೆದಿರಲಿ. ಬಾಯಿಮಾತಿನ ಓವರ್‌ಟೈಮ್ ಲೆಕ್ಕಕ್ಕಿಲ್ಲ.

ಅಳಿಯ ಅಲ್ಲೇ ಕೂತು ಏಜೆಂಟನಿಗೆ ಮೆಸೇಜ್ ಹಾಕಿದ: "ಲೈಸೆನ್ಸ್ ನಂಬರ್ ಕಳಿಸಿ." ಎರಡು ನೀಲಿ ಗೆರೆ ಬಿತ್ತು. ಅರ್ಧ ಗಂಟೆಯ ನಂತರ ಪ್ರೊಫೈಲ್ ಫೋಟೋ ಮಾಯ.